ಬೇರೆ ಇಟ್ಟ ಸೆಟ್

ಆಸ್ಪತ್ರೆಯ ನೆಲಮಾಳಿಗೆಯ ಆ ಕೋಣೆಯ ನಡುವೆ ಒಂದು ಗೋಡೆ, ಗೋಡೆಯೊಳಗೆ ಹುದುಗಿಸಿದ ಸ್ಟೀಮ್ ಯಂತ್ರ. ಆಪರೇಷನ್ ಥಿಯೇಟರಿನಿಂದ ರಕ್ತ ಮೆತ್ತಿಕೊಂಡು ಬಂದ ಕತ್ತರಿ, ಚಿಮಟ, ಗರಗಸ, ಡ್ರಿಲ್‌ಗಳನ್ನು ಗೋಡೆಯ ಈಚೆ ತೊಳೆದು, ಹಸಿರು ಬಟ್ಟೆಯಲ್ಲಿ ಸುತ್ತಿ ಯಂತ್ರದೊಳಗೆ ತಳ್ಳುತ್ತಿದ್ದರು. ಆಚೆ ಕಡೆ ಅವು ಬಿಸಿಯಾಗಿ ಹೊರಬರುತ್ತಿದ್ದವು. ಆಸ್ಪತ್ರೆಯ ಫಲಕಗಳಲ್ಲಿ ಈ ಎರಡು ಕಡೆಗೂ ಉದ್ದುದ್ದ ಹೆಸರುಗಳಿದ್ದವು. ಕೆಲಸದವರ ಬಾಯಲ್ಲಿ ಮಾತ್ರ ಈಚೆಯದು ಮೈಲಿಗೆ, ಆಚೆಯದು ಮಡಿ. ಒಂದು ಆಪರೇಷನ್ನಿಗೆ ಬೇಕಾದ ಸಾಮಾನನ್ನೆಲ್ಲ ಒಟ್ಟಿಗೆ ಸುತ್ತಿದ ಗಂಟು ಒಂದು ಸೆಟ್. ಸುತ್ತಿದ ಬಟ್ಟೆಗೆ ಅಂಟಿಸಿದ ಪಟ್ಟಿಯ ಗೆರೆಗಳು ಸ್ಟೀಮಿನ ಬಿಸಿಗೆ ಕಪ್ಪಾಗಿದ್ದರೆ ಆ ಸೆಟ್ ಮಡಿ. ಅದರ ಮೇಲೆ ಪ್ರಶ್ನೆಯಿಲ್ಲ.

ಅಲ್ಲಿನ ಮೇಲ್ವಿಚಾರಕಿಗೆ ಬಿದ್ದ ಹೆಸರು ಮಡಿಯಮ್ಮ. ವಯಸ್ಸೇನೂ ಆಗಿರಲಿಲ್ಲ. ಬಟ್ಟೆಯ ಮೇಲೆ ಒಂದು ಹನಿ ತೇವ ಕಂಡರೂ ಇಡೀ ಸೆಟ್ ಬಿಚ್ಚಿಸಿ ಮೊದಲಿನಿಂದ ಮಾಡಿಸುತ್ತಿದ್ದಳು. ಎದುರಿಗೆ ಎಲ್ಲರೂ ಅಕ್ಕ ಎನ್ನುತ್ತಿದ್ದರು. ತೊಳೆಯುವ ಕೆಲಸದ ಸೋಪಣ್ಣ ಮಾತ್ರ ಮುಖಕ್ಕೇ ಮಡಿಯಮ್ಮ ಎನ್ನುತ್ತಿದ್ದ. ಅವನಿಗೆ ನಿವೃತ್ತಿ ಹತ್ತಿರವಾಗಿತ್ತು, ಯಾರ ಹಂಗೂ ಇರಲಿಲ್ಲ.

ಸೋಂಕು ತಡೆಯುವ ವಿಭಾಗದ ಡಾಕ್ಟರ್ ಒಂದು ಬೆಳಿಗ್ಗೆ ತಾವೇ ನೆಲಮಾಳಿಗೆಗೆ ಇಳಿದು ಬಂದರು. ಅವರು ಕೆಳಗಿಳಿದರೆ ಯಾರದ್ದೋ ಗ್ರಹಚಾರ ಕೆಟ್ಟಿದೆ ಎಂದೇ ಅರ್ಥ. ಸೋಪಣ್ಣ ನಲ್ಲಿಯ ಸದ್ದು ಜೋರು ಮಾಡಿ ತಲೆ ತಗ್ಗಿಸಿದ.

“ಹಿಂದೆ ಒಬ್ರು ಸಂಗೀತದ ಟೀಚರ್ ಮೆದುಳಿಂದ ಚೂರು ತೆಗೆದ್ರಲ್ಲ, ನೆನಪಿದೆಯಾ?” ಎಂದು ಡಾಕ್ಟರ್ ಕೇಳಿದರು.

ಮಡಿಯಮ್ಮನಿಗೆ ನೆನಪಿತ್ತು. ಕೆಲವೇ ತಿಂಗಳಲ್ಲಿ ಸ್ವಂತ ಮನೆಯ ದಾರಿ ಮರೆತ ಹೆಂಗಸು. ಕೈಗಳು ತಾವಾಗಿಯೇ ಎಗರುತ್ತಿದ್ದವು ಎಂದು ಥಿಯೇಟರ್ ಸಿಸ್ಟರ್ ಹೇಳಿದ್ದಳು. ಏನು ಕಾಯಿಲೆ ಎಂದು ಗೊತ್ತಾಗದೆ ತಲೆ ಕೊರೆದು ನೋಡಿದ್ದರು.

“ಅವರು ತೀರಿಕೊಂಡ್ರು. ಈಗ ರಿಸಲ್ಟ್ ಬಂದಿದೆ. ಆವತ್ತಿನ ತಲೆ ಸೆಟ್ ಬೇರೆ ಇಡಿ ಅಂತ ಥಿಯೇಟರ್‌ನಿಂದ ಹೇಳಿದ್ರಂತೆ. ಇಟ್ಟಿದ್ದೀರಾ?”

“ಇಟ್ಟಿದ್ದೀವಿ ಮೇಡಂ. ಕೆಳಗಿನ ಕಪಾಟಲ್ಲಿದೆ.”

“ಸದ್ಯ! ನೀವಿದ್ದೀರಿ ಅಂತ ಬಚಾವ್.”

ಸುಳ್ಳಲ್ಲ. ಸೆಟ್ ಅಲ್ಲೇ ಇತ್ತು. ಹಸಿರು ಬಟ್ಟೆಯೊಳಗೆ, ಕಪ್ಪು ಗೆರೆಗಳೊಂದಿಗೆ. ಆದರೆ ಉತ್ತರ ಬಾಯಿಂದ ಹೊರಟ ಮೇಲೆ ಮಡಿಯಮ್ಮನಿಗೆ ತಾನು ಏನು ಹೇಳಿದೆನೆಂದು ಹೊಳೆಯಿತು.

ಆ ಕೋಣೆಯಲ್ಲಿ ‘ಬೇರೆ ಇಡು’ ಎಂಬ ಮಾತಿಗೆ ಒಂದೇ ಅರ್ಥವಿತ್ತು. ಆಸ್ಪತ್ರೆಯವರ ಮನೆಯ ಯಾರಿಗಾದರೂ, ಅಥವಾ ದೊಡ್ಡ ಡಾಕ್ಟರರ ಕಡೆಯವರಿಗೆ ಆಪರೇಷನ್ ಇದ್ದರೆ ಇರುವುದರಲ್ಲಿ ಹರಿತವಾದ ಸೆಟ್ ಒಂದನ್ನು ಕೆಳಗಿನ ಕಪಾಟಿನಲ್ಲಿ ತೆಗೆದಿಡುತ್ತಿದ್ದರು. ಯಾರೂ ಬರೆದಿಟ್ಟ ನಿಯಮವಲ್ಲ. ನಮ್ಮವರಿಗೆ ಮೊಂಡು ಡ್ರಿಲ್ ಹೋಗಬಾರದು, ಅಷ್ಟೆ. ಟೀಚರಮ್ಮನ ಆಪರೇಷನ್ ಮುಗಿದ ದಿನ ಸಿಸ್ಟರ್ ಕಿಂಡಿಯಲ್ಲಿ ಟ್ರೇ ತಳ್ಳಿ, “ಸರ್ಜನ್ ಸರ್ ಇದನ್ನ ಬೇರೆ ಇಡಿ ಅಂದ್ರು” ಎಂದು ಹೇಳಿ ಓಡಿದ್ದಳು. ಸೋಪಣ್ಣ ತೊಳೆದ, ಸುತ್ತಿದ, ಸ್ಟೀಮ್ ಹಾಕಿದ, ಕೆಳಗಿನ ಕಪಾಟಿನಲ್ಲಿ ಇಟ್ಟ. ಸರ್ ಕಡೆಯವರು ಯಾರಿಗೋ ತಲೆ ಆಪರೇಷನ್ ಇರಬೇಕು ಎಂದುಕೊಂಡರು.

ಅದರ ಮುಂದಿನ ವಾರ ಮಡಿಯಮ್ಮನ ತಮ್ಮ ಬೈಕಿನಿಂದ ಬಿದ್ದ. ತಲೆಯೊಳಗೆ ರಕ್ತ ಹೆಪ್ಪುಗಟ್ಟಿ ಮೆದುಳು ಊದಿಕೊಂಡಿತ್ತು. ಥಿಯೇಟರಿನವರು ಕಿಂಡಿ ಬಡಿದು ತಲೆ ಸೆಟ್ ಕೇಳಿದಾಗ ಅವಳ ಕೈ ಮೇಲಿನ ಕಪಾಟಿಗೆ ಹೋಗಲೇ ಇಲ್ಲ. ಸರ್ ಕಡೆಯವರು ಹಾಳಾಗಿ ಹೋಗಲಿ ಎಂದು ಬೇರೆ ಇಟ್ಟದ್ದನ್ನೇ ಎತ್ತಿ ಕೊಟ್ಟಳು. ಆಪರೇಷನ್ ಮುಗಿದು ಸೆಟ್ ವಾಪಸ್ ಬಂದ ಮೇಲೆ, ಸರ್‌ಗೆ ಗೊತ್ತಾಗದಿರಲಿ ಎಂದು ಮತ್ತೆ ಮಡಿ ಮಾಡಿ ಅದೇ ಜಾಗದಲ್ಲಿ ಇಟ್ಟಳು. ಸರ್ ಕಡೆಯವರು ಬರಲೇ ಇಲ್ಲ.

“ಏನು ಕಾಯಿಲೆ ಮೇಡಂ ಅದು?” ಎಂದು ಕೇಳಿದಳು. ಧ್ವನಿ ಮಾಮೂಲಿಯಾಗಿಯೇ ಬಂತು.

ಡಾಕ್ಟರ್ ಸ್ಟೂಲ್ ಎಳೆದುಕೊಂಡು ಕೂತರು. ಅವರಿಗೆ ವಿವರಿಸುವುದೆಂದರೆ ಇಷ್ಟ. “ನಮ್ಮ ಮೈಯಲ್ಲಿ ಒಂದೊಂದು ಜೀವಕೋಶದ ಒಳಗೂ ಪ್ರೋಟೀನ್ ತಯಾರಾಗ್ತಾನೇ ಇರುತ್ತೆ. ಮೊದಲು ಉದ್ದಕ್ಕೆ ಸರದ ಥರ ಹೊರಗೆ ಬರುತ್ತೆ. ಬರೀ ಸರದಿಂದ ಏನೂ ಪ್ರಯೋಜನ ಇಲ್ಲ. ಅದು ಸರಿಯಾಗಿ ಮಡಿಸ್ಕೊಂಡ್ರೇನೇ ಅದಕ್ಕೊಂದು ರೂಪ, ಒಂದು ಕೆಲಸ. ಮಡಿಸೋಕೆ ಸಹಾಯ ಮಾಡೋ ಪ್ರೋಟೀನ್‌ಗಳೂ ಇವೆ. ಮಡಿಕೆ ತಪ್ಪಿದ್ರೆ ಗುರುತು ಹಾಕಿ, ಹರಿದು, ಚೂರು ಮಾಡಿ ಮತ್ತೆ ಉಪಯೋಗಿಸುತ್ತೆ ಜೀವಕೋಶ. ನಿಮ್ಮ ಹಾಗೇ, ಮಹಾ ಕಟ್ಟುನಿಟ್ಟು.”

“ಮತ್ತೆ?”

“ಮೆದುಳಲ್ಲಿ ಒಂದು ಪ್ರೋಟೀನ್ ಇದೆ. ನನ್ನಲ್ಲೂ ಇದೆ, ನಿಮ್ಮಲ್ಲೂ ಇದೆ. ಅದು ಒಂದು ರೀತಿ ತಪ್ಪಾಗಿ ಮಡಿಸ್ಕೊಂಡ್ರೆ ಹರಿಯೋಕೂ ಬಗ್ಗಲ್ಲ. ಪಕ್ಕದಲ್ಲಿರೋ ಸರಿಯಾದ್ದನ್ನ ಮುಟ್ಟಿ ತನ್ನ ಥರಾನೇ ಮಡಿಸಿಬಿಡುತ್ತೆ. ಅದು ಇನ್ನೊಂದನ್ನ. ಕೊನೆಗೆ ಮೆದುಳು ಸ್ಪಂಜು.”

ಮಡಿಯಮ್ಮನಿಗೆ ಇದು ಅರ್ಥವಾಗದ ಮಾತಾಗಿರಲಿಲ್ಲ. ಹಿಂದೊಮ್ಮೆ ಹೊಸದಾಗಿ ಸೇರಿದವಳೊಬ್ಬಳು ಹಸಿರು ಬಟ್ಟೆಯ ಒಂದು ಮೂಲೆಯನ್ನು ಒಳಕ್ಕೆ ಮಡಿಸುವ ಬದಲು ಹೊರಕ್ಕೆ ಮಡಿಸಿದ್ದಳು. ಪಕ್ಕದವಳು ಅದನ್ನು ನೋಡಿ ಹಾಗೇ ಮಡಿಸಿದಳು. ಕೆಲವೇ ದಿನಗಳಲ್ಲಿ ಇಡೀ ಕೋಣೆ ತಪ್ಪು ಮಡಿಸುತ್ತಿತ್ತು, ಮೊದಲು ಸರಿಯಾಗಿ ಮಡಿಸುತ್ತಿದ್ದವರು ಕೂಡ.

“ಸ್ಟೀಮ್‌ಗೆ ಸಾಯಲ್ವಾ?”

“ಸಾಯೋಕೆ ಅದಕ್ಕೆ ಜೀವ ಎಲ್ಲಿದೆ? ಅದು ಕ್ರಿಮಿ ಅಲ್ಲ. ಬರೀ ಒಂದು ಆಕಾರ. ಸ್ಟೀಲಿಗೆ ಅಂಟಿಕೊಳ್ಳುತ್ತೆ, ಒಣಗಿದ್ರೆ ಇನ್ನೂ ಗಟ್ಟಿ. ಕಡು ಕ್ಷಾರದಲ್ಲಿ ನೆನೆಸಬೇಕು, ಹೆಚ್ಚು ಬಿಸಿಯಲ್ಲಿ ಹೆಚ್ಚು ಹೊತ್ತು ಇಡಬೇಕು. ಅದಕ್ಕಿಂತ ಸುಟ್ಟುಬಿಡೋದು ವಾಸಿ. ಆ ಸೆಟ್ ಇವತ್ತೇ ಸುಡಿಸ್ತೀನಿ.”

“ಆ ಸೆಟ್ಟಿಂದ ಇನ್ನೊಬ್ಬರಿಗೆ ಆಪರೇಷನ್ ಆಗಿದ್ರೆ?”

“ಬಹುಶಃ ಏನೂ ಆಗಲ್ಲ. ಆದ್ರೆ ಆಗಲ್ಲ ಅಂತ ಹೇಳೋ ಪರೀಕ್ಷೆ ಇಲ್ಲ. ವರ್ಷ ಕಳೆದು ಬರಬಹುದು, ಇಪ್ಪತ್ತು ವರ್ಷ ಬಿಟ್ಟು ಬರಬಹುದು. ಬಂದ್ರೆ ಔಷಧಿ ಇಲ್ಲ. ಅಂಥವರ ತಲೆಗೆ ಮತ್ತೆ ಕೈ ಹಾಕೋಕೆ ಯಾವ ಸರ್ಜನ್ನೂ ಒಪ್ಪಲ್ಲ, ಜೀವ ಹೋಗೋ ಸಂದರ್ಭ ಬಿಟ್ಟು. ಅವರಿಗೆ ಬಳಸಿದ ಸೆಟ್ಟೂ ಸುಡಬೇಕಲ್ಲ.” ಡಾಕ್ಟರ್ ಎದ್ದು ನಿಂತರು. “ಕೇಳಲೇಬೇಕು, ಕೇಳ್ತಿದ್ದೀನಿ. ಅದಾದ ಮೇಲೆ ಯಾರಿಗಾದ್ರೂ ಬಳಸಿದ್ರಾ?”

“ಇಲ್ಲ.”

ಬೇರೆ ಯಾರಾದರೂ ಹೇಳಿದ್ದರೆ ಡಾಕ್ಟರ್ ಇನ್ನೊಂದು ಪ್ರಶ್ನೆ ಕೇಳುತ್ತಿದ್ದರು. ಮಡಿಯಮ್ಮ ಹೇಳಿದ್ದರಿಂದ ಕೇಳಲಿಲ್ಲ. ಸೆಟ್ಟನ್ನು ಹಳದಿ ಡಬ್ಬಿಯಲ್ಲಿ ಹಾಕಿಸಿಕೊಂಡು ಹೋದರು.

ತಮ್ಮ ಅವಳ ಮನೆಯಲ್ಲೇ ಇದ್ದ. ಲಿಫ್ಟ್ ರಿಪೇರಿ ಅವನ ಕೆಲಸ. ಮೆದುಳಿನ ಊತ ಇಳಿಯಲೆಂದು ತಲೆಯ ಎಡಗಡೆಯ ಒಂದು ಅಂಗೈ ಅಗಲದ ಮೂಳೆಯನ್ನು ತೆಗೆದು ಆಸ್ಪತ್ರೆಯ ಫ್ರೀಜರಿನಲ್ಲಿ ಇಟ್ಟಿದ್ದರು. ಊತ ಇಳಿದಿತ್ತು. ಈಗ ಆ ಜಾಗದಲ್ಲಿ ಚರ್ಮ ಒಳಕ್ಕೆ ಕುಸಿದು ಬಟ್ಟಲಿನಂತಾಗಿತ್ತು, ಕೆಮ್ಮಿದರೆ ಉಬ್ಬುತ್ತಿತ್ತು. ಮೂಳೆ ಕೂರಿಸುವವರೆಗೆ ಲಿಫ್ಟಿನ ಗುಂಡಿಗೆ ಇಳಿಯುವಂತಿಲ್ಲ, ಬೈಕ್ ಹತ್ತುವಂತಿಲ್ಲ. ಸ್ನಾನದ ಮನೆಗೆ ಹೋದರೂ ತಲೆಗೆ ದಪ್ಪ ಟೊಪ್ಪಿಗೆ ಇರಬೇಕು. ಜಾರಿ ಆ ಕಡೆಗೆ ಬಿದ್ದರೆ ಕಥೆ ಮುಗಿಯಿತು. ಮೂಳೆ ಕೂರಿಸಲು ಸರ್ಜನ್ ಮುಂದಿನ ತಿಂಗಳು ಎಂದಿದ್ದರು.

“ಅರ್ಧ ತಲೆ ಮನೇಲಿ, ಅರ್ಧ ತಲೆ ಫ್ರಿಜ್ಜಲ್ಲಿ,” ಎಂದು ಅವನು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದ. “ಅಕ್ಕ, ದಿನಾ ಒಂದ್ಸಲ ಹೋಗಿ ಮಾತಾಡಿಸ್ಕೊಂಡು ಬಾ. ಒಂಟಿಯಾಗಿ ಬೇಜಾರಾಗಿರುತ್ತೆ ಅದಕ್ಕೆ.”

ಆ ಸಂಜೆ ಅವಳು ನಗಲಿಲ್ಲ. ಅವನು ಲೋಟ ಎತ್ತುವುದನ್ನೇ ನೋಡುತ್ತಿದ್ದಳು.

“ಏನು?”

“ಏನಿಲ್ಲ.”

“ಏನಿಲ್ಲ ಅಂತ ಹೀಗೆ ನೋಡಿದ್ರೆ ಕುಡಿಯೋದು ಹೇಗೆ? ವಿಷ ಗಿಷ ಹಾಕಿದ್ದೀಯಾ?”

ಅಂದಿನಿಂದ ಅವಳ ಬದುಕೆಲ್ಲ ಅವನನ್ನು ನೋಡುವುದೇ ಆಯಿತು. ಅವನು ಕೀಲಿ ಎಲ್ಲಿಟ್ಟೆ ಎಂದು ಹುಡುಕಿದರೆ ಅವಳು ಆಪರೇಷನ್ ಆಗಿ ಎಷ್ಟು ವಾರವಾಯಿತೆಂದು ಎಣಿಸುತ್ತಿದ್ದಳು. ಸ್ಕ್ರೂಡ್ರೈವರ್ ಎನ್ನಲು ಹೋಗಿ ‘ಅದೇ, ಆ ತಿರುಗಿಸೋದು’ ಎಂದರೆ ಅವಳ ಕೈಯಲ್ಲಿದ್ದ ಕೆಲಸ ಹಾಗೇ ನಿಲ್ಲುತ್ತಿತ್ತು. ಮಧ್ಯಾಹ್ನ ಮಲಗಿದಾಗ ಅವನ ಹೆಬ್ಬೆರಳು ಒಮ್ಮೆ ಎಗರಿತು. ಪಕ್ಕದಲ್ಲಿ ಕೂತು ಅದು ಮತ್ತೆ ಎಗರುತ್ತದೆಯೇ ಎಂದು ಕಾದಳು. ಎಗರಲಿಲ್ಲ. ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. ತಲೆಗೆ ಪೆಟ್ಟು ಬಿದ್ದವರು ಮರೆಯುತ್ತಾರೆ, ಮಲಗಿದವರ ಬೆರಳು ಯಾರದ್ದಾದರೂ ಎಗರುತ್ತದೆ. ಇದೆಲ್ಲ ಅವಳಿಗೆ ಗೊತ್ತಿತ್ತು. ಇಪ್ಪತ್ತು ವರ್ಷ ಹೀಗೆ ನೋಡಬೇಕಾಗುತ್ತದೆ ಎಂಬುದೂ ಗೊತ್ತಿತ್ತು.

ಹೇಳಿದರೆ ಏನಾಗುತ್ತದೆ? ಮೂಳೆ ಕೂರಿಸುವುದಿಲ್ಲ. ಆ ಮೂಳೆಯನ್ನು ಕೊರೆದು ತೆಗೆದದ್ದು ಅದೇ ಡ್ರಿಲ್ಲಿನಿಂದ, ಅದನ್ನೂ ಸುಡುತ್ತಾರೆ. ಇಪ್ಪತ್ತೇಳರ ಹುಡುಗ ತಲೆಯಲ್ಲಿ ಬಟ್ಟಲು ಹೊತ್ತು ಟೊಪ್ಪಿಗೆ ಹಾಕಿಕೊಂಡು ಮನೆಯಲ್ಲಿ ಕೂರಬೇಕು, ಮೇಲಿನಿಂದ ಈ ಭಯ ಬೇರೆ. ಹೇಳದಿದ್ದರೆ? ಅವನ ಮೂಳೆ ಕೂರಿಸಲು ಬಳಸುವ ಸೆಟ್ ಆಮೇಲೆ ಇನ್ನೊಬ್ಬರ ತಲೆಗೆ ಹೋಗುತ್ತದೆ.

ಹೋಗಲು ಬಿಟ್ಟರೆ ತಾನೇ, ಎಂದುಕೊಂಡಳು. ಎಲ್ಲ ಸೆಟ್ಟೂ ತನ್ನ ಕೈಯಿಂದಲೇ ಹೋಗಿ ತನ್ನ ಕೈಗೇ ಬರುತ್ತವೆ. ಎಸೆಯುವ ಹಾಗಿರುವ ಹಳೆಯ ಸೆಟ್ಟೊಂದನ್ನು ಕೊಡುವುದು. ವಾಪಸ್ ಬಂದೊಡನೆ ಕಿಂಡಿಯಲ್ಲೇ ಹಿಡಿದು, ಸವೆದಿದೆ ಎಂದು ಹೇಳಿ ಸುಡಲು ಕಳಿಸುವುದು. ತಮ್ಮನಿಗೆ ಮೂಳೆ ಸಿಗುತ್ತದೆ, ಇನ್ನೊಬ್ಬರಿಗೆ ಏನೂ ತಗಲುವುದಿಲ್ಲ. ಯೋಚಿಸಿದಷ್ಟೂ ಅವಳಿಗೆ ಇದರಲ್ಲಿ ಲೋಪ ಕಾಣಲಿಲ್ಲ. ತನ್ನ ಮೇಲೆ ತನಗೆ ಅಷ್ಟು ನಂಬಿಕೆ ಇದ್ದವಳಿಗೆ ಕಾಣುವುದೂ ಇಲ್ಲ.

ಆಪರೇಷನ್ನಿನ ದಿನ ಹಳೆಯ ಸೆಟ್ ಕೊಟ್ಟಳು. ಸೋಪಣ್ಣ ನೋಡಿ ಹುಬ್ಬು ಗಂಟಿಕ್ಕಿದ.

“ಏನು ಮಡಿಯಮ್ಮ, ಒಡಹುಟ್ಟಿದವನಿಗೆ ಈ ಗುಜರಿ ಕೊಡ್ತಿದ್ದೀಯಲ್ಲ? ಒಂದನ್ನ ಬೇರೆ ಇಡ್ತಿದ್ದೆ, ಒಂದು ಮಾತು ಹೇಳಿದ್ರೆ.”

“ಮೂಳೆ ಕೂರಿಸೋದಷ್ಟೇ ಅಲ್ವಾ. ಸಾಕು.”

“ಆಯ್ತಮ್ಮ. ನಿನ್ನ ತಮ್ಮ, ನಿನ್ನ ಗುಜರಿ.”

ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಅವಳು ಕಿಂಡಿಯ ಬಳಿಯೇ ನಿಂತಿದ್ದಳು. ಟ್ರೇ ಬರುವ ಮೊದಲು ವಾರ್ಡಿನಿಂದ ಕರೆ ಬಂತು. ಎಚ್ಚರವಾದ ತಮ್ಮ ಗಾಬರಿಯಿಂದ ಬ್ಯಾಂಡೇಜ್ ಕೀಳಲು ಹೋಗುತ್ತಿದ್ದಾನೆ, ಅಕ್ಕ ಬಂದರೆ ಸುಮ್ಮನಾಗುತ್ತಾನೆ, ಬೇಗ ಬರಬೇಕು.

ಅವಳು ಸೋಪಣ್ಣನತ್ತ ತಿರುಗಿದಳು. “ಅಣ್ಣ, ಆ ಸೆಟ್ ಬಂದ್ರೆ ಬೇರೆ ಇಡು.”

ಹೇಳಿ ಓಡಿದಳು. ಮೆಟ್ಟಿಲು ಹತ್ತುವಾಗಲೂ ತಾನು ಆಡಿದ ಮಾತು ಅವಳಿಗೆ ಹೊಳೆಯಲಿಲ್ಲ. ವರ್ಷಗಟ್ಟಲೆ ಬಾಯಲ್ಲಿ ಕೂತಿದ್ದ ಮಾತು ತಾನಾಗಿಯೇ ಬಂದಿತ್ತು.

ತಮ್ಮ ಅವಳ ಕೈ ಹಿಡಿದು ಶಾಂತನಾದ. ನಾಲಗೆ ಇನ್ನೂ ತೊದಲುತ್ತಿತ್ತು. “ಅಕ್ಕ... ಸರಿಯಾಗಿ ನೋಡಿದ್ರಾ... ನಂದೇ ಮೂಳೆ ತಾನೆ? ಬೇರೆಯವರ ತಲೆ ಹಾಕಿದ್ರೆ... ಬುದ್ಧಿ ಬಂದುಬಿಡುತ್ತೆ.” ಸಿಸ್ಟರ್ ನಕ್ಕಳು. ಎಡಗಡೆ ಬ್ಯಾಂಡೇಜಿನ ಕೆಳಗೆ ತಲೆ ದುಂಡಗಿತ್ತು. ಅದನ್ನು ನೋಡುತ್ತ ಮಡಿಯಮ್ಮ ಎರಡು ಮೂರು ಗಂಟೆ ಕೂತೇಬಿಟ್ಟಳು. ಬಹಳ ದಿನಗಳ ಮೇಲೆ ಅವಳಿಗೆ ಹಸಿವಾಗಿತ್ತು.

ಕೆಳಗೆ ಬಂದಾಗ ಸೋಪಣ್ಣ ಕೈ ಒರೆಸಿಕೊಳ್ಳುತ್ತಿದ್ದ. ತೊಳೆಯುವ ತೊಟ್ಟಿ ಖಾಲಿಯಿತ್ತು. ಸ್ಟೀಮ್ ಯಂತ್ರ ಆಗಲೇ ತಣ್ಣಗಾಗುತ್ತಿತ್ತು.

“ಆ ಸೆಟ್ ಎಲ್ಲಿ?”

“ಯಾವುದು, ಗುಜರೀನಾ? ನೀನೂ ಒಳ್ಳೆಯವಳು. ಬೇರೆ ಇಡು ಅಂದೆ, ಬಿಚ್ಚಿ ನೋಡಿದ್ರೆ ಅರ್ಧಕ್ಕರ್ಧ ಮೊಂಡು. ನಮ್ಮವರಿಗೆ ಅಂತ ಇಡೋ ಸೆಟ್ ಹಾಗಿದ್ರೆ ಮರ್ಯಾದೆ ಇರುತ್ತಾ? ಮೇಲಿನ ಸೆಟ್ಟುಗಳನ್ನೆಲ್ಲ ಬಿಚ್ಚಿ, ಹರಿತ ಇರೋದನ್ನೆಲ್ಲ ಆರಿಸಿ ಒಂದು ಹೊಸ ಸೆಟ್ ಕಟ್ಟಿದೆ. ಕೆಳಗಿಟ್ಟಿದ್ದೀನಿ ನೋಡು, ರಾಜ ಸೆಟ್! ನಿನ್ನ ತಮ್ಮ ಇನ್ನೊಂದ್ಸಲ ಬೀಳಬಹುದು.”

“ಅದರಲ್ಲಿದ್ದದ್ದು?”

“ಅದರಲ್ಲಿದ್ದ ಹರಿತದ್ದು ಹೊಸ ಸೆಟ್ಟಿಗೂ ಹೋಗಿರಬಹುದು, ಮಿಕ್ಕದ್ದನ್ನ ಬೇರೆ ಸೆಟ್ಟಿಗೆಲ್ಲ ಒಂದೊಂದು ಹಂಚಿಬಿಟ್ಟೆ. ಎಲ್ಲ ತೊಳೆದು, ಸುತ್ತಿ, ಮಡಿ. ಇವತ್ತಾದ್ರೂ ನೀನು ತಮ್ಮನ ಹತ್ರ ಕೂತಿರಲಿ, ನಿನ್ನ ಕೆಲಸ ನಾನು ಮಾಡೋಣ ಅಂತ.”

ಅವಳು ಕಪಾಟಿನ ಮುಂದೆ ನಿಂತಳು. ತಲೆ ಸೆಟ್ಟುಗಳು ಸಾಲಾಗಿ ಕೂತಿದ್ದವು. ಒಂದೇ ಹಸಿರು, ಒಂದೇ ಗಾತ್ರ, ಮೂಲೆಗಳು ಒಂದೇ ರೀತಿ ಒಳಕ್ಕೆ ಮಡಿಸಿದ್ದವು. ಎಲ್ಲದರ ಮೇಲೂ ಗೆರೆಗಳು ಕಪ್ಪಗಿದ್ದವು.

“ಯಾವ ಡ್ರಿಲ್ಲು ಯಾವುದಕ್ಕೆ ಹೋಯ್ತು, ಹೇಳೋಕಾಗುತ್ತಾ?”

“ಒಳ್ಳೆ ಕಥೆ. ಎಲ್ಲ ಒಂದೇ ಥರ ಇರೋದನ್ನ ಹೇಗಮ್ಮ ಹೇಳೋದು?”

ಅಷ್ಟರಲ್ಲಿ ಕಿಂಡಿ ಬಡಿದ ಸದ್ದಾಯಿತು. ಥಿಯೇಟರ್ ಸಿಸ್ಟರ್ ಕೈ ಒಳಕ್ಕೆ ಚಾಚಿದ್ದಳು. “ಅಕ್ಕ, ತಲೆ ಸೆಟ್, ಬೇಗ! ಕಟ್ಟಡದಿಂದ ಬಿದ್ದವನು, ಒಂದು ಕಣ್ಣುಪಾಪೆ ಆಗಲೇ ಅಗಲ ಆಗಿದೆ. ಸರ್ ಗ್ಲೌಸ್ ಹಾಕ್ಕೊಂಡು ನಿಂತಿದ್ದಾರೆ.”

“ಇಲ್ಲ.”

“ಏನಿಲ್ಲ? ಹಿಂದೆ ಕಪಾಟು ತುಂಬ ಕಾಣ್ತಿದೆಯಲ್ಲ!”

“ಅದು ಯಾವುದೂ ಮಡಿ ಅಲ್ಲ.”

“ಪಟ್ಟಿ ಕಪ್ಪಾಗಿದೆ, ಇಲ್ಲಿಂದಲೇ ಕಾಣುತ್ತೆ. ಅಕ್ಕ, ನಿಮ್ಮ ಮಡಿ ಆಮೇಲೆ ಮಾಡ್ಕೊಳ್ಳಿ, ದಮ್ಮಯ್ಯ. ಇವನು ಹತ್ತು ನಿಮಿಷ ಇರಲ್ಲ.”

ಕೈ ಹಾಗೇ ಚಾಚಿತ್ತು. ಬೆರಳುಗಳು ಬೇಗ ಬೇಗ ಎಂದು ಆಡುತ್ತಿದ್ದವು. ಸೆಟ್ ಕೊಡದಿದ್ದರೆ ಆ ಗಂಡಸು ಈಗಲೇ ಸಾಯುತ್ತಾನೆ. ಕೊಟ್ಟರೆ ಬಹುಶಃ ಬದುಕುತ್ತಾನೆ. ಬಹುಶಃ ಏನೂ ಆಗುವುದಿಲ್ಲ. ಕೆಳಗಿನ ಕಪಾಟಿನದ್ದರಲ್ಲಿ ಆ ಹಳೆಯ ತುಂಡುಗಳು ಕಡಿಮೆ ಇರಬಹುದು ಎಂದುಕೊಂಡಳು. ಹರಿತ ಇದ್ದದ್ದನ್ನೆಲ್ಲ ಅದಕ್ಕೇ ಆರಿಸಿದೆ ಎಂದಿದ್ದನಲ್ಲ, ಹಾಗಿದ್ದರೆ ಹೆಚ್ಚೂ ಇರಬಹುದು. ಎರಡಕ್ಕೂ ಆಧಾರವಿರಲಿಲ್ಲ. ಕೈಗೆ ಸಿಕ್ಕಿದ ಒಂದನ್ನು ಎತ್ತಿ ಕೊಟ್ಟಳು. ಕಿಂಡಿ ಮುಚ್ಚಿತು.

“ಏನಾಗಿದೆ ನಿನಗೆ?” ಎಂದು ಸೋಪಣ್ಣ ಕೇಳಿದ. ಅವನ ಧ್ವನಿಯಲ್ಲಿ ತಮಾಷೆ ಇರಲಿಲ್ಲ.

“ಉಳಿದದ್ದನ್ನ ಯಾರು ಕೇಳಿದ್ರೂ ಕೊಡಬೇಡ. ಬಾಗಿಲಿಗೆ ಬೀಗ ಹಾಕು. ನಾನು ಮೇಲೆ ಹೋಗಿ ಬರ್ತೀನಿ.”

“ಯಾರ ಹತ್ರ?”

ಅವಳು ಆಗಲೇ ಮೆಟ್ಟಿಲು ಹತ್ತುತ್ತಿದ್ದಳು. ಹೋಗುವಾಗ ಅವಳಿಗೆ ಒಂದು ವಿಷಯ ಸ್ಪಷ್ಟವಾಯಿತು. ಈಗ ಹೇಳಿದರೆ ತಮ್ಮನ ಮೂಳೆಯನ್ನು ಯಾರೂ ವಾಪಸ್ ಕೀಳುವುದಿಲ್ಲ. ಅದಕ್ಕೇ ಕಾಲು ಇಷ್ಟು ಸಲೀಸಾಗಿ ಮೇಲೆ ಹತ್ತುತ್ತಿದೆ. ಹಾಗಲ್ಲ ಎಂದು ತನಗೆ ತಾನೇ ಹೇಳಿಕೊಳ್ಳಲು ಅವಳು ಪ್ರಯತ್ನಿಸಲಿಲ್ಲ.

ಸೋಂಕು ವಿಭಾಗದ ಡಾಕ್ಟರ್ ಎಲ್ಲವನ್ನೂ ಕೇಳಿಸಿಕೊಂಡರು. ಅವಳು ಮುಗಿಸಿದ ಮೇಲೆ ಫೋನ್ ಎತ್ತಿದರು, ಮತ್ತೆ ಇಟ್ಟರು.

“ಈಗ ಕೊಟ್ರಲ್ಲ, ಆ ಮನುಷ್ಯನ ತಲೆ ತೆರೆದಾಯ್ತಾ?”

“ತೆರೆದಿರುತ್ತಾರೆ.”

“ನಿಮ್ಮ ತಮ್ಮನಿಗೆ ಗೊತ್ತಾ?”

“ಇಲ್ಲ.”

“ಮೊದಲು ಅವರಿಗೆ ಹೇಳಬೇಕು. ಬೇರೆಯವರ ಬಾಯಿಂದ ಕೇಳೋ ಮೊದಲು.” ಡಾಕ್ಟರ್ ಎದ್ದು ಬಾಗಿಲು ತೆರೆದು ಹಿಡಿದರು. “ನಾನೂ ಬರ್ತೀನಿ. ಆದ್ರೆ ಹೇಳೋದು ನೀವೇ.”

ವಾರ್ಡಿನಲ್ಲಿ ತಮ್ಮ ದಿಂಬಿಗೆ ಒರಗಿ ಕೂತಿದ್ದ. ಯಾರೋ ಕೊಟ್ಟ ನೀರಿನ ಲೋಟ ಕೈಯಲ್ಲಿತ್ತು. ಡಾಕ್ಟರನ್ನು ನೋಡಿ ನೆಟ್ಟಗೆ ಕೂರಲು ಹೋದ, ಸ್ವಲ್ಪ ನೀರು ಚೆಲ್ಲಿತು. ಅವಳ ಕಣ್ಣು ಲೋಟದ ಮೇಲೆ, ಅವನ ಬೆರಳುಗಳ ಮೇಲೆ ನಿಂತಿತು.

“ನೋಡಿ, ಮತ್ತೆ ಹಾಗೇ ನೋಡ್ತಾಳೆ,” ಎಂದ ಅವನು ಡಾಕ್ಟರರಿಗೆ. “ಮೇಡಂ, ಒಂದು ತಿಂಗಳಿಂದ ಇವಳು ಹೀಗೇ. ಏನಂತ ನೀವಾದ್ರೂ ಕೇಳಿ.”

ಮಡಿಯಮ್ಮ ಅವನ ಕೈಯಿಂದ ಲೋಟ ತೆಗೆದು ಪಕ್ಕಕ್ಕಿಟ್ಟು ಮಂಚದ ಅಂಚಿನಲ್ಲಿ ಕೂತಳು.

“ನಿನ್ನ ಮೊದಲನೇ ಆಪರೇಷನ್ನಿಗೆ ಸೆಟ್ ಕೊಟ್ಟದ್ದು ನಾನು,” ಎಂದಳು.

“ಗೊತ್ತು. ಎಲ್ಲರಿಗಿಂತ ಒಳ್ಳೇದನ್ನ ಆರಿಸಿ ಕೊಟ್ಟೆ ಅಂತ ಸೋಪಣ್ಣ ಹೇಳಿದ್ರು,” ಎಂದ ಅವನು, ನಗುತ್ತ.